ಜಿದ್ದಿನ ಲೆಕ್ಕ: ಬಹುಮಾನ ಸೊನ್ನೆ ಇದ್ದರೂ ಜನ ಯಾಕೆ ಹಣ ಸುರಿಯುತ್ತಾರೆ?

ಅಮೆರಿಕದ ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋಣೆ. ವಿದ್ಯಾರ್ಥಿಗಳು ಒಬ್ಬರ ಪರದೆ ಇನ್ನೊಬ್ಬರಿಗೆ ಕಾಣದ ಹಾಗೆ ಕೂತಿದ್ದಾರೆ. ಎಲ್ಲರ ಖಾತೆಯಲ್ಲೂ ಒಂದಷ್ಟು ಟೋಕನ್ ಇದೆ. ಮನೆಗೆ ಹೊರಡುವಾಗ ಟೋಕನ್ನಿಗೆ ತಕ್ಕಂತೆ ನಿಜವಾದ ದುಡ್ಡು ಕೈಗೆ ಬರುತ್ತದೆ. ಹಲವು ಸುತ್ತಿನ ಸ್ಪರ್ಧೆ ಮುಗಿದ ಮೇಲೆ ಒಂದು ವಿಚಿತ್ರ ಸೂಚನೆ ಕಾಣಿಸುತ್ತದೆ. ಇನ್ನೊಂದು ಸುತ್ತು ಇದೆ. ಗೆಲ್ಲಲು ಎಷ್ಟು ಬೇಕಾದರೂ ಟೋಕನ್ ಹಾಕಿ. ಹಾಕಿದ್ದು ವಾಪಸ್ ಬರುವುದಿಲ್ಲ. ಗೆದ್ದವರಿಗೆ ಬಹುಮಾನ ಏನೂ ಇಲ್ಲ. ಗೆದ್ದಿರೋ ಸೋತಿರೋ ಅಂತ ತಿಳಿಸುತ್ತೇವೆ, ಅಷ್ಟೇ.

ಸುಮ್ನೆ ಕೂತರೆ ಟೋಕನ್ ಪೂರ್ತಿ ಉಳಿಯುತ್ತದೆ. ಎಲ್ಲರೂ ಹಾಗೇ ಮಾಡಬೇಕು, ಅಲ್ವಾ? ಆದರೆ ನೂರಕ್ಕೆ ಸುಮಾರು 40 ಜನ ಟೋಕನ್ ಹಾಕಿದರು.

ಈ ಪ್ರಯೋಗ ಮಾಡಿದವರು ರೋಮನ್ ಶೆರೆಮೆಟಾ, ಉಕ್ರೇನ್ ಮೂಲದ ಅರ್ಥಶಾಸ್ತ್ರಜ್ಞ. ಅವರ ಬರಹ 2010ರಲ್ಲಿ ಪ್ರಕಟವಾಯಿತು. ಅದರಲ್ಲಿ ಇನ್ನೊಂದು ಸಂಗತಿಯೂ ಇದೆ. ಸೊನ್ನೆ ಬಹುಮಾನಕ್ಕೆ ಟೋಕನ್ ಹಾಕಿದವರೇ, ನಿಜವಾದ ಬಹುಮಾನ ಇದ್ದ ಸುತ್ತುಗಳಲ್ಲೂ ಉಳಿದವರಿಗಿಂತ ಜಾಸ್ತಿ ಸುರಿದಿದ್ದರು. ಅರ್ಥಶಾಸ್ತ್ರದವರು ಇದನ್ನು ‘ಗೆಲುವಿನ ಖುಷಿ’ ಅನ್ನುತ್ತಾರೆ. ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಮಾತಿದೆ: ಜಿದ್ದು. ‘ಜಿದ್ದಿಗೆ ಬಿದ್ದ’ ಅಂದರೆ ಬಹುಮಾನ ಏನು ಅನ್ನುವುದು ಮರೆತುಹೋಗಿದೆ, ಎದುರಿನವನು ಮಾತ್ರ ಕಣ್ಣ ಮುಂದಿದ್ದಾನೆ ಅಂತ.

ಜಿದ್ದಿಗೆ ಎಷ್ಟು ಬೆಲೆ ತೆರುತ್ತೇವೆ ಅಂತ ಅಳೆಯಬಹುದೇ? ಆಟದ ಸಿದ್ಧಾಂತ (ನನ್ನ ಲಾಭ ಎದುರಿನವನ ನಡೆಯ ಮೇಲೂ ನಿಂತಾಗ ಏನು ಮಾಡಬೇಕು ಅನ್ನುವ ಗಣಿತ) ಮತ್ತು ಪ್ರಯೋಗಾಲಯ ಸೇರಿದರೆ ಅಳೆಯಬಹುದು. ಅಳತೆಗೋಲು ಬಹಳ ಸರಳ, ಪೆನ್ನು ಕಾಗದ ಇದ್ದರೆ ಸಾಕು.

ಒಂದು ಡಬ್ಬಿ, ಇಬ್ಬರು, ನೂರು ರೂಪಾಯಿ

ಬಹುಮಾನ 100 ರೂಪಾಯಿ. ಆಡುವವರು ರಾಮ ಮತ್ತು ಸೋಮ. ಇಬ್ಬರೂ ಗುಟ್ಟಾಗಿ ತಮಗೆ ಬೇಕಾದಷ್ಟು ಹಣ ಹಾಕಬೇಕು. ಹಾಕಿದ ಪ್ರತಿ ರೂಪಾಯಿಗೂ ಒಂದು ಚೀಟಿ. ಎಲ್ಲ ಚೀಟಿಯನ್ನೂ ಒಂದೇ ಡಬ್ಬಿಗೆ ಹಾಕಿ ಕುಲುಕಿ, ಒಂದನ್ನು ಎತ್ತುತ್ತಾರೆ. ಅದು ಯಾರ ಚೀಟಿಯೋ ಅವರಿಗೆ 100 ರೂಪಾಯಿ. ಹಾಕಿದ ಹಣ ಇಬ್ಬರಿಗೂ ವಾಪಸ್ ಇಲ್ಲ.

ಎಲ್ಲ ಗುಟ್ಟೂ ಆ ಕೊನೆಯ ಸಾಲಿನಲ್ಲಿದೆ. ಸಾಮಾನ್ಯ ಹರಾಜಿನಲ್ಲಿ ಸೋತವನು ತನ್ನ ದುಡ್ಡನ್ನು ಜೇಬಿನಲ್ಲಿಟ್ಟುಕೊಂಡೇ ಮನೆಗೆ ಹೋಗುತ್ತಾನೆ. ಇಲ್ಲಿ ಸೋತವನ ದುಡ್ಡೂ ಹೋಯಿತು. ಚುನಾವಣೆಯ ಖರ್ಚು ಹೀಗೆಯೇ. ಕೋರ್ಟಿನ ಖರ್ಚು ಹೀಗೆಯೇ. ಹುದ್ದೆಗಾಗಿ ಐದು ವರ್ಷ ಓದಿದ್ದು ಹೀಗೆಯೇ. ಯುದ್ಧದಲ್ಲಿ ಸುಟ್ಟ ಮದ್ದುಗುಂಡೂ, ಹೋದ ಜೀವವೂ ಹೀಗೆಯೇ.

ರಾಮ ಎಷ್ಟು ಹಾಕಬೇಕು? ಅದು ಸೋಮ ಎಷ್ಟು ಹಾಕುತ್ತಾನೆ ಅನ್ನುವುದರ ಮೇಲೆ ನಿಂತಿದೆ. ಸೋಮ 25 ಹಾಕಿದ ಅಂತಿಟ್ಟುಕೊಳ್ಳಿ. ರಾಮನೂ 25 ಹಾಕಿದರೆ ಗೆಲ್ಲುವ ಸಾಧ್ಯತೆ ಅರ್ಧ. ಸರಾಸರಿ 50 ಬರುತ್ತದೆ, 25 ಹೋಗುತ್ತದೆ, 25 ಉಳಿಯುತ್ತದೆ. ಇನ್ನೂ ಜೋರು ಮಾಡೋಣ ಅಂತ 50 ಹಾಕಿದರೆ? ಈಗ 75 ಚೀಟಿಯಲ್ಲಿ 50 ಅವನದ್ದು. ಸರಾಸರಿ ಬರುವುದು 67ರ ಹತ್ತಿರ. 50 ಕಳೆದರೆ 17 ಮಾತ್ರ. ಗೆಲ್ಲುವ ಸಾಧ್ಯತೆ ಜಾಸ್ತಿಯಾಯಿತು, ಕೈಗೆ ಸಿಗುವುದು ಕಮ್ಮಿಯಾಯಿತು. ಬರೀ 10 ಹಾಕಿದರೂ 18.5ರ ಆಸುಪಾಸು. 25ಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಸೋಮನಿಗೂ ಇದೇ ಲೆಕ್ಕ. ಇಬ್ಬರೂ 25ರಲ್ಲಿ ನಿಂತರೆ ಯಾರಿಗೂ ಒಬ್ಬಂಟಿಯಾಗಿ ಬದಲಾಗಲು ಕಾರಣ ಇಲ್ಲ. ಇಂಥ ಜಾಗವನ್ನೇ ‘ನ್ಯಾಶ್ ಸಮತೋಲ’ ಅನ್ನುತ್ತಾರೆ. 1950ರಲ್ಲಿ ಇದನ್ನು ಗಣಿತದಲ್ಲಿ ಕಟ್ಟಿಕೊಟ್ಟ ಜಾನ್ ನ್ಯಾಶ್ ಅವರಿಗೆ 1994ರಲ್ಲಿ ನೊಬೆಲ್ ಬಂತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ಸಮತೋಲದಲ್ಲೂ 100ರ ಬಹುಮಾನಕ್ಕೆ ಒಟ್ಟು 50 ಸುಟ್ಟುಹೋಗಿದೆ. ಇಬ್ಬರೂ ತಲಾ ಒಂದೊಂದೇ ರೂಪಾಯಿ ಹಾಕಿದ್ದರೂ ಗೆಲ್ಲುವ ಸಾಧ್ಯತೆ ಅದೇ ಅರ್ಧ ಇರುತ್ತಿತ್ತು. 48 ರೂಪಾಯಿ ಉಳಿಯುತ್ತಿತ್ತು. ಯಾರೂ ತಪ್ಪು ಮಾಡದೆ, ಯಾರೂ ಮೂರ್ಖರಾಗದೆ, ಅರ್ಧ ಬಹುಮಾನ ಬೂದಿಯಾಯಿತು. ನನಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಅನ್ನಿಸುವುದು ಇದೇ. ಜಗಳದ ನಷ್ಟಕ್ಕೆ ಕೆಟ್ಟವರೇ ಬೇಕಾಗಿಲ್ಲ.

ಆಡುವವರು ಜಾಸ್ತಿಯಾದರೆ ಪರಿಸ್ಥಿತಿ ಇನ್ನೂ ಬಿಗಿ. ನಾಲ್ವರಾದರೆ ತಲಾ 18.75, ಒಟ್ಟು 75. ಹತ್ತು ಜನರಾದರೆ ತಲಾ 9, ಒಟ್ಟು 90. ಒಬ್ಬೊಬ್ಬರು ಹಾಕುವುದು ಕಮ್ಮಿಯಾಗುತ್ತದೆ, ಒಟ್ಟು ಬೂದಿ ಜಾಸ್ತಿಯಾಗುತ್ತದೆ. ಕೇಂದ್ರ ನಾಗರಿಕ ಸೇವಾ ಪರೀಕ್ಷೆಗೆ ಸಾವಿರದ ಆಸುಪಾಸು ಹುದ್ದೆ, ಅರ್ಜಿ ಹಾಕುವವರು ಹತ್ತು ಲಕ್ಷಕ್ಕೂ ಜಾಸ್ತಿ. ಸಾಮಾನ್ಯ ವರ್ಗಕ್ಕೆ 6 ಸಲ ಮಾತ್ರ ಬರೆಯುವ ಅವಕಾಶ, 32ರ ವಯಸ್ಸಿನ ಮಿತಿ. ಇವು ಕಟ್ಟುನಿಟ್ಟು ಅನ್ನಿಸಬಹುದು. ಆದರೆ ಆಟದ ಲೆಕ್ಕದಲ್ಲಿ ಅವು ಒಬ್ಬರು ಎಷ್ಟು ವರ್ಷ ಸುರಿಯಬಹುದು ಅನ್ನುವುದಕ್ಕೆ ಹಾಕಿದ ಮೇಲ್ಮಿತಿ. ಮಿತಿ ತೆಗೆದರೆ ಹುದ್ದೆ ಒಂದೂ ಹೆಚ್ಚಾಗುವುದಿಲ್ಲ, ಕಾಯುವ ವರ್ಷ ಮಾತ್ರ ಹೆಚ್ಚಾಗುತ್ತದೆ.

ಬೀಗ ಮತ್ತು ಪರವಾನಗಿ

ಡಬ್ಬಿಯ ಈ ಆಟ ಗಾರ್ಡನ್ ಟಲ್ಲಕ್ ಅವರ ಹೆಸರಿನಲ್ಲಿದೆ. 1922ರಲ್ಲಿ ಹುಟ್ಟಿದ ಇವರು ಓದಿದ್ದು ಕಾನೂನು. ಅಮೆರಿಕದ ವಿದೇಶಾಂಗ ಸೇವೆಗೆ ಸೇರಿ ಚೀನಾದಲ್ಲಿ ಕೆಲಸ ಮಾಡಿದವರು. ಅರ್ಥಶಾಸ್ತ್ರದ ಪದವಿ ಅವರಲ್ಲಿ ಇರಲಿಲ್ಲ. ಆದರೂ 1967ರಲ್ಲಿ ಅವರು ಕೇಳಿದ ಒಂದು ಪ್ರಶ್ನೆ ಅರ್ಥಶಾಸ್ತ್ರವನ್ನೇ ಅಲ್ಲಾಡಿಸಿತು: ಕಳ್ಳತನದಿಂದ ಸಮಾಜಕ್ಕೆ ಏನು ನಷ್ಟ?

ಮೇಲ್ನೋಟಕ್ಕೆ ನಷ್ಟವೇ ಇಲ್ಲ. ನನ್ನ ಸಾವಿರ ರೂಪಾಯಿ ಕಳ್ಳನ ಕೈಗೆ ಹೋಯಿತು. ಹಣ ಎಲ್ಲೂ ಮಾಯವಾಗಿಲ್ಲ, ಜೇಬು ಬದಲಾಗಿದೆ ಅಷ್ಟೇ. ಅಂದಿನ ಲೆಕ್ಕ ಹಾಗೆಯೇ ಹೇಳುತ್ತಿತ್ತು. ಟಲ್ಲಕ್ ಬೇರೆ ಕಡೆ ನೋಡಿದರು. ಕಳ್ಳ ಸಲಾಕೆ ಕೊಳ್ಳುತ್ತಾನೆ, ರಾತ್ರಿಯೆಲ್ಲ ನಿದ್ದೆಗೆಡುತ್ತಾನೆ. ನಾನು ಬೀಗ ಕೊಳ್ಳುತ್ತೇನೆ, ಕಿಟಕಿಗೆ ಕಂಬಿ ಹಾಕಿಸುತ್ತೇನೆ. ಅವನು ಇನ್ನೂ ಒಳ್ಳೆಯ ಸಲಾಕೆ ತರುತ್ತಾನೆ, ನಾನು ಇನ್ನೂ ಗಟ್ಟಿ ಬೀಗ ತರುತ್ತೇನೆ. ಇದರಲ್ಲಿ ಯಾವುದೂ ಹೊಸ ಸಂಪತ್ತನ್ನು ಹುಟ್ಟಿಸಲಿಲ್ಲ. ಇರುವ ಸಂಪತ್ತು ಯಾರದ್ದು ಅಂತ ತೀರ್ಮಾನಿಸಲು ಮಾಡಿದ ಖರ್ಚು ಇದೆಲ್ಲ. ಕಳ್ಳತನದ ನಿಜವಾದ ನಷ್ಟ ಇದು. ಡಬ್ಬಿಯ ಆಟವನ್ನು ಅವರು ಗಣಿತದ ರೂಪದಲ್ಲಿ ಬರೆದದ್ದು 1980ರಲ್ಲಿ.

ಈ ನಡುವೆ, 1974ರಲ್ಲಿ, ಆನ್ ಕ್ರೂಗರ್ ಅನ್ನುವ ಅರ್ಥಶಾಸ್ತ್ರಜ್ಞೆ ಇದೇ ವಿಚಾರವನ್ನು ಭಾರತ ಮತ್ತು ಟರ್ಕಿಗೆ ಹಚ್ಚಿ ನೋಡಿದರು. ಆಗ ನಮ್ಮಲ್ಲಿ ಪರವಾನಗಿ ರಾಜ್ಯ. ವಿದೇಶದಿಂದ ಕಚ್ಚಾ ಸಾಮಾನು ತರಲು ಸರ್ಕಾರದ ಲೈಸೆನ್ಸ್ ಬೇಕು. ಲೈಸೆನ್ಸ್ ಕಮ್ಮಿ, ಕೇಳುವವರು ಜಾಸ್ತಿ. ಹಾಗಾಗಿ ಲೈಸೆನ್ಸಿಗೇ ಬೆಲೆ. ಅದನ್ನು ಹಂಚುವ ಒಂದು ವಿಧಾನ, ಕಾರ್ಖಾನೆ ಎಷ್ಟು ದೊಡ್ಡದೋ ಅಷ್ಟು ಪಾಲು. ಟಲ್ಲಕ್ ಡಬ್ಬಿಯದ್ದೇ ನಿಯಮ! ಪರಿಣಾಮ ಏನಾಯಿತು ನೋಡಿ. ಇರುವ ಯಂತ್ರಗಳಿಗೇ ಕಚ್ಚಾ ಸಾಮಾನು ಸಾಲದೆ ಅವು ಸುಮ್ನೆ ನಿಂತಿದ್ದರೂ, ಮಾಲೀಕ ಇನ್ನಷ್ಟು ಯಂತ್ರ ಹಾಕಿಸುವುದು ಲಾಭದ ದಾರಿಯಾಯಿತು. ಉತ್ಪಾದನೆಗಲ್ಲ, ಲೈಸೆನ್ಸಿನ ಪಾಲು ಹೆಚ್ಚಿಸಿಕೊಳ್ಳಲು. ಬಡ ದೇಶದ ಉಕ್ಕು ಮತ್ತು ಸಿಮೆಂಟು ಚೀಟಿಗಳಾಗಿ ಡಬ್ಬಿಗೆ ಬಿದ್ದವು.

1964ರ ಭಾರತದಲ್ಲಿ ಇಂಥ ಸ್ಪರ್ಧೆಯ ಬಹುಮಾನವಾಗಿದ್ದ ಲಾಭದ ಒಟ್ಟು ಮೊತ್ತ ರಾಷ್ಟ್ರೀಯ ಆದಾಯದ ಶೇ 7.3 ಅಂತ ಕ್ರೂಗರ್ ಅಂದಾಜು ಮಾಡಿದರು. ಅದರಲ್ಲಿ ದೊಡ್ಡ ಪಾಲು ಆಮದು ಪರವಾನಗಿಯದ್ದೇ. ಸ್ಪರ್ಧೆ ಬಿರುಸಾಗಿದ್ದರೆ ಹೆಚ್ಚು ಕಮ್ಮಿ ಅಷ್ಟೇ ಮೌಲ್ಯದ ದುಡಿಮೆ ಮತ್ತು ಸಾಮಾನು ಹೊಡೆದಾಟದಲ್ಲೇ ಕರಗುತ್ತದೆ ಅನ್ನುವುದು ಅವರ ವಾದ. ದೆಹಲಿಗೆ ಓಡಾಡಿದ ಟ್ರೈನಿನ ಟಿಕೆಟ್ಟೂ ಆ ಲೆಕ್ಕದಲ್ಲಿ ಸೇರುತ್ತದೆ.

ಪ್ರಯೋಗಾಲಯದಲ್ಲಿ ಏನಾಯಿತು?

ಇಲ್ಲಿಯವರೆಗೆ ಎಲ್ಲ ಕಾಗದದ ಮೇಲಿನ ಲೆಕ್ಕ. ನಿಜವಾದ ಜನ 25 ಹಾಕುತ್ತಾರಾ?

1989ರಲ್ಲಿ ಎಡ್ವರ್ಡ್ ಮಿಲ್ನರ್ ಮತ್ತು ಮೈಕೆಲ್ ಪ್ರ್ಯಾಟ್ ಇದನ್ನು ಮೊದಲ ಬಾರಿಗೆ ಪ್ರಯೋಗಕ್ಕೆ ಇಳಿಸಿದರು. ಜನ ಲೆಕ್ಕಕ್ಕಿಂತ ಜಾಸ್ತಿ ಹಾಕಿದರು. ಆಮೇಲೆ ಹಲವು ದೇಶಗಳಲ್ಲಿ, ಹಲವು ರೂಪಗಳಲ್ಲಿ ಇದೇ ಆಟ ಆಡಿಸಿದರು. ಇಂಥ ಪ್ರಯೋಗಗಳಲ್ಲಿ ಒಂದು ಶಿಸ್ತು ಇದೆ. ಕೊಡುವ ಹಣ ನಿಜವಾದದ್ದು. ನಿಯಮವನ್ನು ಮೊದಲೇ ಪೂರ್ತಿ ವಿವರಿಸುತ್ತಾರೆ. ಆಡುವವರಿಗೆ ಸುಳ್ಳು ಹೇಳುವಂತಿಲ್ಲ. ಎದುರಾಳಿ ಯಾರು ಅಂತ ಗೊತ್ತಾಗುವುದಿಲ್ಲ, ಹಾಗಾಗಿ ಹಳೆಯ ದ್ವೇಷ ಅಂತ ಏನೂ ಇರುವುದಿಲ್ಲ. 2013ರಲ್ಲಿ ಶೆರೆಮೆಟಾ ಇಂಥ 30 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸಮತೋಲಕ್ಕಿಂತ ಜನ ಎಷ್ಟು ಜಾಸ್ತಿ ಹಾಕುತ್ತಾರೆ? ಪ್ರಯೋಗಗಳನ್ನು ಸಾಲಾಗಿ ಜೋಡಿಸಿದರೆ ನಟ್ಟನಡುವೆ ಸಿಗುವ ಉತ್ತರ: ಶೇ 72 ಜಾಸ್ತಿ.

ನಮ್ಮ ರಾಮ ಸೋಮರಿಗೆ ಈ ದರ ಹಚ್ಚೋಣ. 25ರ ಬದಲು ತಲಾ 43. ಇಬ್ಬರದ್ದೂ ಸೇರಿ 86. ಗೆದ್ದವನಿಗೆ ಖರ್ಚು ಕಳೆದು 57 ಉಳಿಯಿತು. ಸೋತವನಿಗೆ 43 ಹೋಯಿತು. ಇನ್ನು ಜಿದ್ದು ಸ್ವಲ್ಪ ಏರಿ ತಲಾ 60 ಹಾಕಿದರೆ? ಗೆದ್ದವನ ಕೈಯಲ್ಲಿ 40, ಸೋತವನಿಗೆ 60 ನಷ್ಟ. ಇಬ್ಬರನ್ನೂ ಸೇರಿಸಿದರೆ ಬಹುಮಾನವೇ ಇಲ್ಲದಿದ್ದರೆ ಚೆನ್ನಾಗಿತ್ತು ಅನ್ನುವ ಸ್ಥಿತಿ. ನಮ್ಮ ಹಳ್ಳಿಗಳಲ್ಲಿ ಸಿವಿಲ್ ದಾವೆಯ ಬಗ್ಗೆ ಹೇಳುವ ಮಾತು ಎಲ್ಲರೂ ಕೇಳಿರುತ್ತೀರಿ: ಗೆದ್ದವನು ಸೋತ, ಸೋತವನು ಸತ್ತ. ಕೋರ್ಟು ಅಲೆದು ಅಲೆದು ಸವೆದವರು ಕಟ್ಟಿದ ಮಾತು ಅದು. ಮೂವತ್ತು ಪ್ರಯೋಗಗಳು ಬೇರೆ ದಾರಿ ಹಿಡಿದು ಅಲ್ಲಿಗೇ ಬಂದಿವೆ.

ಯಾಕೆ ಜಾಸ್ತಿ ಹಾಕುತ್ತಾರೆ? ಒಂದೇ ಕಾರಣ ಅಲ್ಲ. ಜಿದ್ದು ಒಂದು, ಅದನ್ನು ಸೊನ್ನೆ ಬಹುಮಾನದ ಸುತ್ತಿನಲ್ಲಿ ನೋಡಿದೆವು. ಎರಡನೆಯದು ಲೆಕ್ಕ ತಪ್ಪುವುದು. ಮತ್ತೆ ಮತ್ತೆ ಆಡಿಸಿದರೆ ಜನ ನಿಧಾನವಾಗಿ ಕಮ್ಮಿ ಮಾಡುತ್ತಾರೆ. ಆದರೆ ಪೂರ್ತಿ ಸಮತೋಲಕ್ಕೆ ಇಳಿಯುವುದಿಲ್ಲ. ಅಂದರೆ ಒಂದು ಭಾಗ ತಪ್ಪು, ಇನ್ನೊಂದು ಭಾಗ ಬಯಕೆ. ಪ್ರತಿ ಸುತ್ತಿಗೂ ಹೊಸದಾಗಿ ಟೋಕನ್ ಕೊಟ್ಟರೆ ಜನ ಜಾಸ್ತಿ ಸುರಿಯುತ್ತಾರೆ. ಒಂದೇ ಸಲ ಮೊತ್ತ ಕೊಟ್ಟು ಇಷ್ಟರಲ್ಲೇ ಆಡಿ ಅಂದರೆ ಕೈ ಬಿಗಿಯಾಗುತ್ತದೆ. ಸುಲಭವಾಗಿ ಬಂದ ಹಣ ಸುಲಭವಾಗಿಯೇ ಹೋಗುತ್ತದೆ.

ಇನ್ನೊಂದು ಕಾರಣ ಹೋಲಿಕೆ. ನನಗೆ ಎಷ್ಟು ಸಿಕ್ಕಿತು ಅನ್ನುವುದಕ್ಕಿಂತ ಅವನಿಗಿಂತ ಎಷ್ಟು ಜಾಸ್ತಿ ಸಿಕ್ಕಿತು ಅಂತ ನೋಡುವುದು. ಹೀಗೆ ನೋಡುವವನಿಗೆ ಎದುರಾಳಿಯ ನಷ್ಟವೂ ತನ್ನ ಲಾಭ. ಅವನಿಗೆ 25 ಸರಿಯಾದ ಉತ್ತರವೇ ಅಲ್ಲ. ಅವನು ಬೇರೆಯೇ ಆಟ ಆಡುತ್ತಿದ್ದಾನೆ.

ಎದುರಿನವನು ಜಿದ್ದಿಗೆ ಬಿದ್ದರೆ ನಾವೇನು ಮಾಡಬೇಕು? ಇದಕ್ಕೂ ಡಬ್ಬಿಯ ಲೆಕ್ಕದಲ್ಲಿ ಉತ್ತರ ಇದೆ, ಮತ್ತು ಅದು ಮನಸ್ಸಿಗೆ ಒಗ್ಗುವುದಿಲ್ಲ. ಸೋಮ 50 ಹಾಕುತ್ತಾನೆ ಅಂತ ಗೊತ್ತಾದರೆ ರಾಮನೂ 50 ಹಾಕಬೇಕು ಅನ್ನಿಸುತ್ತದೆ. ಹಾಗೆ ಮಾಡಿದರೆ ಸರಾಸರಿ ಉಳಿಯುವುದು ಸೊನ್ನೆ. 21ರ ಹತ್ತಿರಕ್ಕೆ ಇಳಿದರೆ ಸರಾಸರಿ 8.5ರಷ್ಟು ಉಳಿಯುತ್ತದೆ. ಅವನು ಏರಿದಾಗ ನಾನು ಇಳಿಯುವುದೇ ಲಾಭ. ‘ಅವನೇ ಅಷ್ಟು ಖರ್ಚು ಮಾಡಿದರೆ ನಾನೇನು ಕಮ್ಮಿ’ ಅನ್ನುವ ಮಾತು ಈ ಲೆಕ್ಕಕ್ಕೆ ಪೂರ್ತಿ ವಿರುದ್ಧ.

ಹಿಂದೆ ಸರಿಯಲಾಗದ ಹರಾಜು

ಡಬ್ಬಿಯ ಆಟದಲ್ಲಿ ಒಂದೇ ಸಲ ಹಣ ಹಾಕುತ್ತೇವೆ. ನಿಜ ಜೀವನದ ಜಗಳ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅದನ್ನು ತೋರಿಸಲು ಅರ್ಥಶಾಸ್ತ್ರಜ್ಞ ಮಾರ್ಟಿನ್ ಶೂಬಿಕ್ 1971ರಲ್ಲಿ ಒಂದು ಹರಾಜನ್ನು ಬರಹಕ್ಕಿಳಿಸಿದರು. ಹರಾಜಿಗಿಟ್ಟಿದ್ದು ಒಂದು ಡಾಲರ್ ನೋಟು. ನಮಗೆ ಸುಲಭವಾಗಲಿ ಅಂತ 100 ರೂಪಾಯಿ ನೋಟು ಅನ್ನೋಣ. ಅತಿ ಹೆಚ್ಚು ಕೂಗಿದವರಿಗೆ ನೋಟು. ಆದರೆ ಎರಡನೆಯ ಸ್ಥಾನದಲ್ಲಿ ನಿಂತವರೂ ತಾವು ಕೂಗಿದ್ದನ್ನು ಕೊಡಬೇಕು, ಅವರಿಗೆ ಏನೂ ಸಿಗದು.

ಶುರುವಿನಲ್ಲಿ ಎಲ್ಲರಿಗೂ ಉತ್ಸಾಹ. ಹತ್ತು ರೂಪಾಯಿಗೆ ನೂರು ಸಿಗುವಾಗ ಯಾರು ಬಿಡುತ್ತಾರೆ? ಒಬ್ಬ 50, ಇನ್ನೊಬ್ಬ 60 ಅಂದ ಕೂಡಲೇ ಹರಾಜು ಕೂಗುವವನಿಗೆ ಲಾಭ ಶುರು. ಒಬ್ಬ 90ಕ್ಕೆ ಬಂದ, ಇನ್ನೊಬ್ಬ 100 ಅಂದ. ಈಗ 90ರವನ ತಲೆಯಲ್ಲಿ ಓಡುವ ಲೆಕ್ಕ ಇದು: ಬಿಟ್ಟರೆ 90 ಹೋಯಿತು, 110 ಕೂಗಿ ಗೆದ್ದರೆ ಬರೀ 10 ಹೋಗುತ್ತದೆ. ಅವನು 110 ಕೂಗುತ್ತಾನೆ. ಎದುರಿನವನಿಗೂ ಅದೇ ಲೆಕ್ಕ. ಪ್ರತಿ ಹೆಜ್ಜೆಯೂ ಆ ಕ್ಷಣಕ್ಕೆ ಸರಿಯಾಗಿಯೇ ಕಾಣುತ್ತದೆ. ನೂರರ ನೋಟಿಗೆ ನೂರೈವತ್ತು ಕೂಗುವಾಗ ಅವರಿಬ್ಬರೂ ಲಾಭಕ್ಕಾಗಿ ಆಡುತ್ತಿಲ್ಲ, ಹಾಕಿದ್ದನ್ನು ಉಳಿಸಿಕೊಳ್ಳಲು ಆಡುತ್ತಿದ್ದಾರೆ. ತರಗತಿಗಳಲ್ಲಿ ಇದನ್ನು ಆಡಿಸಿದಾಗ ಕೂಗು ನೋಟಿನ ಬೆಲೆ ದಾಟುವುದು ಅಪರೂಪವಲ್ಲ. ಇದರಲ್ಲಿ ತಪ್ಪಿಸಿಕೊಳ್ಳುವ ಜಾಗ ಒಂದೇ, ಮೊದಲ ಕೂಗಿಗೆ ಮುಂಚೆ.

‘ನಮ್ಮವರು’ ಅಂದಾಗ

ಗುಂಪು ಗುಂಪಿನ ನಡುವಿನ ಪ್ರಯೋಗಗಳ ಬಗ್ಗೆ ಓದಿದಾಗ ನನಗೆ ನಿಜವಾಗಿ ಕಳವಳ ಆಯಿತು. ನಾಲ್ಕು ಜನರ ಒಂದು ಗುಂಪು, ಎದುರಿಗೆ ನಾಲ್ಕು ಜನರ ಇನ್ನೊಂದು ಗುಂಪು. ಗೆದ್ದ ಗುಂಪಿನ ಪ್ರತಿಯೊಬ್ಬರಿಗೂ ಬಹುಮಾನ, ಅವರು ಹಣ ಹಾಕಿರಲಿ ಬಿಡಲಿ. ಕಾಗದದ ಲೆಕ್ಕದ ಪ್ರಕಾರ ಇಲ್ಲಿ ಖರ್ಚು ಕಮ್ಮಿ ಇರಬೇಕು. ಉಳಿದವರು ಹಾಕಲಿ, ನಾನು ಸುಮ್ನಿದ್ದೂ ಬಹುಮಾನ ತಿನ್ನುತ್ತೇನೆ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ, ಅಲ್ವಾ?

2010ರಲ್ಲಿ ಕ್ಲೌಸ್ ಅಬಿಂಕ್ ಮತ್ತು ಜೊತೆಗಾರರು ಪ್ರಕಟಿಸಿದ ಫಲಿತಾಂಶ ಇದಕ್ಕೆ ತಿರುಗುಮುರುಗು. ಗುಂಪುಗಳು ಲೆಕ್ಕಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸುರಿದವು. ಆಮೇಲೆ ಅವರು ಒಂದು ಅವಕಾಶ ಸೇರಿಸಿದರು. ಪ್ರತಿ ಸುತ್ತಿನ ನಂತರ, ತನ್ನದೇ ಗುಂಪಿನವರಿಗೆ ಸ್ವಂತ ಖರ್ಚಿನಲ್ಲಿ ದಂಡ ಹಾಕಬಹುದು. ಜನ ಆ ಅವಕಾಶ ಬಳಸಿಕೊಂಡರು. ಕಮ್ಮಿ ಹಾಕಿದವರಿಗೆ ದಂಡ ಬಿತ್ತು. ಹೆದರಿ ಎಲ್ಲರೂ ಇನ್ನೂ ಜಾಸ್ತಿ ಹಾಕಿದರು. ಎದುರಿನ ಗುಂಪಿನಲ್ಲೂ ಇದೇ. ಖರ್ಚು ಎರಡೂ ಕಡೆ ಏರಿತು, ಗೆಲ್ಲುವ ಸಾಧ್ಯತೆ ಅಲ್ಲೇ ನಿಂತಿತು.

ಇದರ ಭಾರ ಎಷ್ಟು ಅಂತ ಯೋಚಿಸಿ. ಊರ ಕೆರೆಯ ಹೂಳು ತೆಗೆಯುವಾಗ ಕೆಲಸಕ್ಕೆ ಬಾರದವನನ್ನು ಊರು ತರಾಟೆಗೆ ತೆಗೆದುಕೊಳ್ಳುತ್ತದೆ. ಅದರಿಂದಲೇ ಕೆರೆ ಉಳಿಯುತ್ತದೆ. ಅದೇ ಒಗ್ಗಟ್ಟು, ಅದೇ ‘ನೀನೂ ಕೈ ಹಾಕು’ ಅನ್ನುವ ಒತ್ತಾಯ, ಎದುರಿಗೆ ಇನ್ನೊಂದು ಗುಂಪು ನಿಂತ ಕೂಡಲೇ ಬೆಂಕಿಗೆ ಸೌದೆಯಾಗುತ್ತದೆ. ‘ಸ್ವಲ್ಪ ತಾಳಿ’ ಅಂದವನಿಗೆ ಮೊದಲ ದಂಡ ಬೀಳುವುದು ಎದುರು ಪಾಳೆಯದಿಂದ ಅಲ್ಲ, ತನ್ನವರಿಂದ. ಮಾತುಕತೆಯ ವಿಷಯದಲ್ಲೂ ಪ್ರಯೋಗಗಳು ಇಂಥದ್ದನ್ನೇ ಕಂಡಿವೆ. ಗುಂಪಿನ ಒಳಗೆ ಮಾತ್ರ ಮಾತಾಡಲು ಬಿಟ್ಟರೆ ಸ್ಪರ್ಧೆ ಇನ್ನೂ ಬಿರುಸಾಗುತ್ತದೆ. ಎರಡು ಗುಂಪುಗಳ ನಡುವೆ ಮಾತಾಡಲು ಬಿಟ್ಟರೆ ತಣ್ಣಗಾಗುತ್ತದೆ.

ಕೋಟೆ ಮತ್ತು ಕಿಂಡಿ

ಕಾಯುವವನೂ ದಾಳಿ ಮಾಡುವವನೂ ಬೇರೆ ಬೇರೆ ಆದಾಗ ಆಟದ ಬಗೆಯೇ ಬೇರೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ನೆನಪಿಸಿಕೊಳ್ಳಿ. ಹೈದರಾಲಿಯ ಸೈನಿಕರು ನುಸುಳಿದ್ದು ಹೆಬ್ಬಾಗಿಲಿನಿಂದ ಅಲ್ಲ, ಒಂದು ಕಿಂಡಿಯಿಂದ ಅನ್ನುತ್ತದೆ ಓಬವ್ವನ ಕಥೆ. ಕಾಯುವವನು ಎಲ್ಲ ಜಾಗವನ್ನೂ ಕಾಯಬೇಕು. ದಾಳಿಗಾರನಿಗೆ ಒಂದು ಜಾಗ ಸಾಕು. ವಿದ್ಯುತ್ ಜಾಲ, ಕಂಪ್ಯೂಟರ್ ಜಾಲ, ವಿಮಾನ ನಿಲ್ದಾಣ ಎಲ್ಲದರಲ್ಲೂ ಇದೇ ತೊಂದರೆ. ಡಾನ್ ಕೋವೆನಾಕ್, ಬ್ರಯಾನ್ ರಾಬರ್ಸನ್ ಮತ್ತು ಶೆರೆಮೆಟಾ ಇದನ್ನು ಪ್ರಯೋಗ ಮಾಡಿ ನೋಡಿದರು. ಲೆಕ್ಕದ ಪ್ರಕಾರ ಕೆಲವು ನಿಯಮಗಳಲ್ಲಿ ದಾಳಿಗಾರ ಎಲ್ಲ ಕಡೆ ಸಮನಾಗಿ ಹಣ ಹಂಚಬೇಕಿತ್ತು. ಆದರೆ ದಾಳಿಗಾರನ ಪಾತ್ರದವರು ಆ ನಿಯಮದಲ್ಲೂ ಯಾವುದೋ ಒಂದೇ ಜಾಗವನ್ನು ಆರಿಸಿ ಅಲ್ಲೇ ಎಲ್ಲ ಸುರಿಯುವುದನ್ನು ಬಿಡಲಿಲ್ಲ. ಗೆರಿಲ್ಲಾ ತಂತ್ರವನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಸಮಬಲ ಮತ್ತು ನಾಣ್ಯ

ಇಬ್ಬರ ಬಲ ಬೇರೆ ಬೇರೆ ಇದ್ದರೆ? ದುರ್ಬಲನಿಗೆ ಖರ್ಚು ಮಾಡಿ ಏನು ಬಂತು ಅನ್ನಿಸುತ್ತದೆ, ಕೈ ಹಿಂದೆ ಎಳೆದುಕೊಳ್ಳುತ್ತಾನೆ. ಅದನ್ನು ನೋಡಿ ಬಲಶಾಲಿಯೂ ಸಡಿಲ ಬಿಡುತ್ತಾನೆ. ಒಟ್ಟು ಖರ್ಚು ಇಳಿಯುತ್ತದೆ. ಜಿದ್ದಾಜಿದ್ದಿ ಅತಿ ಹೆಚ್ಚಾಗುವುದು ಸಮ ಸಮ ಇದ್ದಾಗ. ಯಾರು ಮೊದಲು ಹೆಜ್ಜೆ ಇಡುತ್ತಾರೆ ಅನ್ನುವುದರಿಂದಲೂ ಆಟ ಬದಲಾಗುತ್ತದೆ ಅಂತ ಮುಂಬೈಯಲ್ಲಿ ಹುಟ್ಟಿದ ಅವಿನಾಶ್ ದೀಕ್ಷಿತ್ 1987ರಲ್ಲಿ ತೋರಿಸಿದರು. ಮೊದಲ ಅವಕಾಶ ಸಿಕ್ಕರೆ ಬಲಶಾಲಿ ಬೇಕಾದ್ದಕ್ಕಿಂತ ಜಾಸ್ತಿ ಹಾಕಿ ಎದುರಿನವನನ್ನು ಹಿಂಜರಿಯುವಂತೆ ಮಾಡುತ್ತಾನೆ.

ಬೆವರೇ ಬೇಕಾದ ಕಡೆ ಸಮಬಲ ಒಳ್ಳೆಯದು. ಕರಾವಳಿಯ ಕಂಬಳದಲ್ಲಿ ನೇಗಿಲು ಹಿರಿಯ, ನೇಗಿಲು ಕಿರಿಯ, ಹಗ್ಗ ಹಿರಿಯ, ಹಗ್ಗ ಕಿರಿಯ ಅಂತ ಬೇರೆ ಬೇರೆ ವಿಭಾಗ ಮಾಡಿರುವುದು ಅದಕ್ಕೇ. ಸಮ ಜೋಡಿ ಓಡಿದರೆ ಓಟಕ್ಕೆ ಕಳೆ. ಕ್ರೀಡೆ, ಸಂಶೋಧನೆ, ಹೊಸ ಔಷಧಿ, ಇಂಥಲ್ಲಿ ಸುರಿದ ಶ್ರಮ ಬೂದಿಯಾಗುವುದಿಲ್ಲ, ನೋಡುವವರಿಗೂ ಲೋಕಕ್ಕೂ ಸಲ್ಲುತ್ತದೆ. ಸ್ಪರ್ಧೆಯೇ ಕೆಟ್ಟದ್ದು ಅಂತ ಈ ಲೆಕ್ಕ ಹೇಳುವುದಿಲ್ಲ. ಸುರಿದದ್ದರಿಂದ ಏನಾದರೂ ಹುಟ್ಟಿತೇ ಅಂತ ಕೇಳುತ್ತದೆ.

ಏನೂ ಹುಟ್ಟದ ಜಗಳದಲ್ಲಿ ಸಮಬಲಕ್ಕೆ ಇನ್ನೊಂದು ಮುಖ ಇದೆ. ಎರಿಕ್ ಕಿಂಬ್ರೋ, ಶೆರೆಮೆಟಾ ಮತ್ತು ಟಿಮತಿ ಶೀಲ್ಡ್ಸ್ 2014ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹೊಡೆದಾಟಕ್ಕೆ, ಅಂದರೆ ಡಬ್ಬಿಯ ಆಟಕ್ಕೆ, ಮೊದಲು ಇಬ್ಬರಿಗೂ ಒಂದು ಪ್ರಶ್ನೆ: ನಾಣ್ಯ ಚಿಮ್ಮಿ ತೀರ್ಮಾನ ಮಾಡೋಣವೇ? ಇಬ್ಬರೂ ಹೂಂ ಅಂದರೆ ಮಾತ್ರ ನಾಣ್ಯ. ಒಬ್ಬ ಒಪ್ಪದಿದ್ದರೂ ಹೊಡೆದಾಟ. ಸಮಬಲದವರಿಗೆ ಲೆಕ್ಕ ಸುಲಭ. ನಾಣ್ಯದಲ್ಲಿ ಸರಾಸರಿ 50, ಹೊಡೆದಾಟದಲ್ಲಿ 25. ಎದುರಿನವನಿಗಿಂತ ತುಂಬಾ ಬಲಶಾಲಿಯಾದವನಿಗೆ ಮಾತ್ರ ಹೊಡೆದಾಟವೇ ಲಾಭ, ಹಾಗಾಗಿ ಅವನು ಒಪ್ಪಬಾರದು. ನಿಜದಲ್ಲಿ, ಸಮಬಲದವರ ನಡುವೆ ನಾಣ್ಯ ಸಾಕಷ್ಟು ಜಗಳ ತಪ್ಪಿಸಿತು, ಪೂರ್ತಿ ಅಲ್ಲ. ಸೋಜಿಗ ಅಂದರೆ ಬಲ ತುಂಬಾ ಬೇರೆ ಬೇರೆ ಇದ್ದ ಕಡೆಯೂ ಅದು ಜಗಳ ಕಮ್ಮಿ ಮಾಡಿತು. ಹೊಡೆದರೆ ಲಾಭ ಅಂತ ಲೆಕ್ಕ ಹೇಳುತ್ತಿದ್ದ ಜೋಡಿಗಳಲ್ಲೂ ಕೆಲವು ನಾಣ್ಯಕ್ಕೆ ಹೂಂ ಅಂದವು. ಸೊನ್ನೆ ಬಹುಮಾನಕ್ಕೆ ಟೋಕನ್ ಹಾಕಿದ ಅದೇ ಮನುಷ್ಯ ಜಾತಿ ಇದು.

ನಮ್ಮ ಮನೆಗಳಲ್ಲಿ ಆಸ್ತಿ ಪಾಲಾಗುವಾಗ ಹಿರಿಯರು ಹೊಲವನ್ನು ಆದಷ್ಟು ಸಮನಾಗಿ ಪಾಲು ಹಾಕಿ, ಚೀಟಿ ಬರೆದು, ಮನೆಯ ಚಿಕ್ಕ ಮಗುವಿನ ಕೈಯಲ್ಲಿ ಎತ್ತಿಸುವುದುಂಟು. ಇಲ್ಲೂ ಚೀಟಿ ಮತ್ತು ಡಬ್ಬಿ ಇವೆ. ಆದರೆ ಚೀಟಿಗೆ ದುಡ್ಡಿಲ್ಲ. ಎಲ್ಲರದ್ದೂ ಒಂದೊಂದೇ, ಯಾರೂ ಜಾಸ್ತಿ ಹಾಕುವಂತಿಲ್ಲ. ದಾವೆ ಆಗಲೇ ಹೂಡಿ ಆಗಿದೆ ಅನ್ನುವವರಿಗೆ ಲೋಕ ಅದಾಲತ್ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ, ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ. ಶೂಬಿಕ್ ಹರಾಜಿನಲ್ಲಿ 90 ಕೂಗಿದವನಿಗೆ ಸಿಗದೇ ಹೋದದ್ದು ಇದೇ, ಹಾಕಿದ್ದರಲ್ಲಿ ಸ್ವಲ್ಪವಾದರೂ ಹಿಡಿದುಕೊಂಡು ಎದ್ದು ಬರುವ ದಾರಿ. ಅಲ್ಲಿನ ತೀರ್ಮಾನದ ಮೇಲೆ ಮೇಲ್ಮನವಿಯೂ ಇಲ್ಲ. ಮುಂದಿನ ಕೂಗು ಕೂಗಲು ಇಬ್ಬರಿಗೂ ಅವಕಾಶ ಇರುವುದಿಲ್ಲ.